ಮುರಿದ ಟೊಂಗೆಯಲ್ಲಿ ಸಿಕ್ಕ ಕುಚ್ಚು

ನಾಲ್ಕು ವರ್ಷದ ಹಿಂದೆ ಆಷಾಢದ ಗಾಳಿಗೆ ಶಿರಸಿ ಹತ್ತಿರದ ನಮ್ಮ ಬೆಟ್ಟದಲ್ಲಿ ಹಳೇ ಮಾವಿನ ಮರದ ಟೊಂಗೆಯೊಂದು ಮುರಿದು ಬಿತ್ತು. ಮರದ ಮೇಲೆ ಬೆಳೆಯುವ ಆರ್ಕಿಡ್, ಸೀತಾಳೆ ದಂಡೆ, ಸಿಗಬಹುದು ಅಂತ ಹೋದೆ. ಪಾಚಿಯ ನಡುವೆ ಬೇರೆಯೇ ಒಂದು ಗಿಡ ಜೋತುಬಿದ್ದಿತ್ತು. ಮೊಳದುದ್ದ, ಮೇಲೆಲ್ಲ ಹೊಳೆಯುವ ಎಲೆ, ತುದಿಗೆ ಬಂದಂತೆ ಸೀರೆ ಸೆರಗಿನ ಕುಚ್ಚಿನ ಹಾಗೆ ಸಣ್ಣ ಸಣ್ಣ ದಾರ. ಬಂದಳಿಕೆ, ಎಸೆ ಅಂದರು ಮನೆಯಲ್ಲಿ. ಆದರೆ ಬಂದಳಿಕೆಯ ಹಾಗೆ ಇದು ಮರದ ರಸ ಹೀರುವುದಿಲ್ಲ, ತೊಗಟೆ ಹಿಡಿದು ಕೂರುತ್ತದೆ ಅಷ್ಟೇ.

ಇದಕ್ಕೆ ಟ್ಯಾಸೆಲ್ ಫರ್ನ್, ಅಂದರೆ ಕುಚ್ಚಿನ ಜರಿಗಿಡ ಅನ್ನುತ್ತಾರೆ. ನಿಜಕ್ಕೂ ಜರಿಗಿಡದ ಜಾತಿಗೇ ಸೇರಿದ್ದಲ್ಲ, ಲೈಕೋಪೋಡಿಯಂ ಅನ್ನುವ, ಹೂವಿಲ್ಲದ ಬೇರೆಯೇ ಗಿಡಗಳ ಕಡೆಯದು. ಜರಿಗಿಡದ ಚಿಗುರು ಸುರುಳಿ ಸುತ್ತಿಕೊಂಡು ಬರುತ್ತದೆ ಅಲ್ವಾ, ಇದರಲ್ಲಿ ಸುರುಳಿಯೇ ಇಲ್ಲ. ಕಾಂಡ ಎರಡಾಗಿ ಒಡೆಯುತ್ತದೆ, ಆ ಎರಡೂ ಮತ್ತೆ ಎರಡೆರಡಾಗಿ. ದಾರವನ್ನು ಭೂತಗನ್ನಡಿ ಹಿಡಿದು ನೋಡಿದೆ: ಪ್ರತಿ ಪುಟ್ಟ ಎಲೆಯ ಕಂಕುಳಲ್ಲಿ ಗೇರುಬೀಜದ ಆಕಾರದ ಒಂದೊಂದು ಹಳದಿ ಕಾಳು, ಬೆರಳು ತಾಗಿಸಿದರೆ ಅರಿಶಿನದಂಥ ಪುಡಿ, ಅದೇ ಇದರ ಬೀಜಕಣ. ಎಲೆ ಬೇರೆ, ದಾರ ಬೇರೆ ಅಂತ ಸ್ಪಷ್ಟವಾಗಿ ಕಂಡರೆ ಅದು ಫ್ಲೆಗ್ಮೇರಿಯಾ ಗುಂಪು. ತುದಿಯವರೆಗೂ ಹೆಚ್ಚುಕಮ್ಮಿ ಒಂದೇ ತರದ ಚೂಪು ಎಲೆ ಇದ್ದರೆ ಸ್ಕ್ವಾರೋಸಸ್ ಅನ್ನುವ ಇದರ ನೆಂಟ. ಸಸ್ಯಗಳಿಗೆ ಹೆಸರಿಟ್ಟ ವಿಜ್ಞಾನಿ ಲಿನೇಯಸ್ 1753ರಲ್ಲಿ ಫ್ಲೆಗ್ಮೇರಿಯಾವನ್ನು ಲೈಕೋಪೋಡಿಯಂ ಫ್ಲೆಗ್ಮೇರಿಯಾ ಅಂತ ಕರೆದದ್ದು, ಈಗ ಅದರ ಕುಲಕ್ಕೆ ಫ್ಲೆಗ್ಮೇರಿಯೂರಸ್ ಅನ್ನುತ್ತಾರೆ.

ಮೊದಲ ವರ್ಷ ನಾನೇ ಕೊಂದೆ ಅನ್ನಬೇಕು. ಪ್ರೀತಿ ಜಾಸ್ತಿಯಾಗಿ ಕುಂಡಕ್ಕೆ ಮಣ್ಣು, ಸಗಣಿ ಗೊಬ್ಬರ, ದಿನಾ ನೀರು. ಬುಡ ಕಪ್ಪಾಗಿ ಮೆತ್ತಗಾಯಿತು. ಹಸಿರಾಗಿ ಉಳಿದ ಎರಡು ತುದಿಯನ್ನು ಗೇಣುದ್ದ ಕತ್ತರಿಸಿ, ಒದ್ದೆ ಪಾಚಿಯ ಮೇಲೆ ಮಲಗಿಸಿ, ಹಿಡಿಕಡ್ಡಿ ಬಗ್ಗಿಸಿ ಒತ್ತಿಟ್ಟೆ. ಮೂರು ತಿಂಗಳು ಏನೂ ಆಗಲಿಲ್ಲ. ನಾಲ್ಕನೇ ತಿಂಗಳು ಬಿಳಿ ಬೇರು ಕಂಡಿತು. ಒಂದು ಬದುಕಿತು. ಪುಡಿಯಿಂದ ಸಸಿ ಮಾಡುವ ಆಸೆ ಬೇಡ, ಅದು ಬೆಳೆಯಲು ಶಿಲೀಂಧ್ರದ ಜೊತೆ ಬೇಕು, ವರ್ಷಗಟ್ಟಲೆ ಹಿಡಿಯುತ್ತದೆ.

ಈಗ ಅಡಿಕೆ ಹಾಳೆಯಲ್ಲಿ ತೂತು ಕೊರೆದು, ತೆಂಗಿನ ಸಿಪ್ಪೆ ಚೂರು, ಒಲೆಯ ಇದ್ದಿಲು, ಸ್ವಲ್ಪ ಪಾಚಿ ಹಾಕಿ ಬಚ್ಚಲಮನೆ ಪಕ್ಕದ ನೆರಳಿಗೆ ತೂಗುಹಾಕಿದ್ದೇನೆ. ಹಾಳೆ ವರ್ಷದಲ್ಲಿ ಲಡ್ಡಾಗುತ್ತದೆ, ಆಗ ಹಳೆಯದನ್ನು ಬಿಡಿಸುವುದಿಲ್ಲ, ಹಾಗೇ ಹೊಸ ಹಾಳೆಯೊಳಗೆ ಇಳಿಸುತ್ತೇನೆ. ಬೇರು ಕದಲಿದರೆ ಆರು ತಿಂಗಳು ಮುನಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ನೀರೇ ಬೇಡ. ಮಾರ್ಚ್‌ನಿಂದ ಬೆಳಿಗ್ಗೆ ಸಂಜೆ ಬಾವಿ ನೀರು ಚಿಮುಕಿಸುತ್ತೇನೆ, ಗೊಬ್ಬರ ಅಂದರೆ ವರ್ಷಕ್ಕೆ ಎರಡು ಸಲ ತುಂಬಾ ತೆಳು ಮಾಡಿದ್ದು ಮಾತ್ರ. ಕಾಡಿನಿಂದ ಕಿತ್ತು ತರಬೇಡಿ, ಬಿದ್ದ ಟೊಂಗೆ ನೋಡಿ ಸಾಕು.

ಹೋದ ವರ್ಷ ಒಂದು ತುಂಡು ಕಾರವಾರದ ಅಕ್ಕನ ಮನೆಗೂ ಹೋಯಿತು. ಚಂದ ಕಾಣುತ್ತದೆ ಅಂತ ಕಡಲ ಕಡೆಯ ಜಗುಲಿಗೆ ಕಟ್ಟಿದಳು. ಉಪ್ಪು ಗಾಳಿಗೆ ತಿಂಗಳಲ್ಲಿ ತುದಿಯೆಲ್ಲ ಕಂದಿತು. ಹಿತ್ತಲ ಹಲಸಿನ ಮರಕ್ಕೆ ಕಟ್ಟಿದ ಮೇಲೆ ಈಗ ಎರಡು ಹೊಸ ಕವಲು ಬಂದಿದೆ, ಕುಚ್ಚು ಇನ್ನೂ ಬಂದಿಲ್ಲ.