ಜೈಲಿನ ಅಂಕಿಅಂಶಗಳಲ್ಲಿ ಅಸಮಾನತೆಯನ್ನು ಗುರುತಿಸುವುದು ಹೇಗೆ?

ಅಮೆರಿಕದ ಜನಸಂಖ್ಯೆಯಲ್ಲಿ ಕಪ್ಪು ಜನರ ಪಾಲು ಎಷ್ಟೋ, ಅಲ್ಲಿನ ಜೈಲುಗಳಲ್ಲಿ ಅವರ ಪಾಲು ಅದಕ್ಕಿಂತ ಬಹಳ ಹೆಚ್ಚು. ಈ ಅಂಕಿ ಕಂಡ ಕೂಡಲೇ ಯಾರು ಹೆಚ್ಚು ಅಪರಾಧ ಮಾಡುತ್ತಾರೆಂದು ತೀರ್ಮಾನಿಸಬೇಡಿ. ಅದು ಎಣಿಸುವುದು ಸೆರೆಯಲ್ಲಿರುವವರನ್ನು, ತಪ್ಪು ಮಾಡಿದವರೆಲ್ಲರನ್ನೂ ಅಲ್ಲ.

ಮೊದಲು ಕಾನೂನನ್ನೇ ಓದಿ. 1986ರ ಫೆಡರಲ್ (ಕೇಂದ್ರ ಸರ್ಕಾರದ) ಕಾಯ್ದೆಯ ಪ್ರಕಾರ 5 ಗ್ರಾಂ ಕ್ರ್ಯಾಕ್ (ಸೇದುವ ಹರಳು ರೂಪದ ಕೊಕೇನ್) ಮಾರಿದವರಿಗೂ 500 ಗ್ರಾಂ ಕೊಕೇನ್ ಪುಡಿ ಮಾರಿದವರಿಗೂ ಕನಿಷ್ಠ ಶಿಕ್ಷೆ ಒಂದೇ, ಐದು ವರ್ಷ. ಎರಡೂ ಮೂಲತಃ ಒಂದೇ ಮಾದಕವಸ್ತು. ಆದರೆ ಕ್ರ್ಯಾಕ್ ಪ್ರಕರಣಗಳಲ್ಲಿ ಶಿಕ್ಷೆಗೊಳಗಾದವರಲ್ಲಿ ಹೆಚ್ಚಿನವರು ಕಪ್ಪು ಜನರು. 2010ರಲ್ಲಿ ಈ 100:1 ಅನುಪಾತ 18:1ಕ್ಕೆ ಇಳಿಯಿತೇ ಹೊರತು ಸಮವಾಗಲಿಲ್ಲ.

ಅನಂತರ ಜಾಮೀನನ್ನು ಗಮನಿಸಿ. ನನ್ನ ದೃಷ್ಟಿಯಲ್ಲಿ ಬಡತನ ಅತಿ ಹೆಚ್ಚು ಹಾನಿ ಮಾಡುವುದು ಇಲ್ಲಿಯೇ. ಒಂದೇ ಆರೋಪ ಹೊತ್ತ ಇಬ್ಬರಲ್ಲಿ ಹಣವಿದ್ದವರು ಮನೆಗೆ ಹೋಗಿ ವಕೀಲರೊಂದಿಗೆ ಕುಳಿತು ಸಿದ್ಧತೆ ನಡೆಸುತ್ತಾರೆ. ಹಣವಿಲ್ಲದವರು ಅಪರಾಧ ಸಾಬೀತಾಗುವ ಮೊದಲೇ ಒಳಗಿದ್ದು, ಕೆಲಸವನ್ನೂ ಬಾಡಿಗೆ ಮನೆಯನ್ನೂ ಕಳೆದುಕೊಳ್ಳುವ ಭಯದಲ್ಲಿ, ಬೇಗ ಬಿಡುಗಡೆಯಾಗುವ ದಾರಿ ಅದೊಂದೇ ಎಂದು ತಪ್ಪೊಪ್ಪಿಗೆಗೆ ಸಹಿ ಹಾಕಬಹುದು. ಫೆಡರಲ್ ನ್ಯಾಯಾಲಯಗಳಲ್ಲಿ ಶೇ. 90ಕ್ಕೂ ಹೆಚ್ಚು ಅಪರಾಧ ನಿರ್ಣಯಗಳು ತಪ್ಪೊಪ್ಪಿಗೆಯಿಂದಲೇ ಬರುತ್ತವೆ. ಆದ್ದರಿಂದ ತಪ್ಪೊಪ್ಪಿಗೆಯ ಸುದ್ದಿ ಓದುವಾಗ, ಒಪ್ಪಿಕೊಂಡವರು ಆಗ ಹೊರಗಿದ್ದರೋ ಒಳಗಿದ್ದರೋ ಎಂದು ಹುಡುಕಿ.

ದಂಡದ ಹಣ ಎಲ್ಲಿಗೆ ಹೋಗುತ್ತದೆಂಬುದನ್ನೂ ನೋಡಿ. ಮಿಸ್ಸೌರಿಯ ಫರ್ಗುಸನ್ ನಗರದಲ್ಲಿ ಪೊಲೀಸ್ ವ್ಯವಸ್ಥೆಯ ಗಮನ ಸಾರ್ವಜನಿಕ ಸುರಕ್ಷತೆಗಿಂತ ನಗರದ ಆದಾಯದ ಮೇಲಿತ್ತೆಂದೂ ಅದರ ಹೊರೆ ಕಪ್ಪು ನಿವಾಸಿಗಳ ಮೇಲೆ ಹೆಚ್ಚಾಗಿ ಬಿದ್ದಿತೆಂದೂ 2015ರಲ್ಲಿ ಫೆಡರಲ್ ನ್ಯಾಯ ಇಲಾಖೆ ವರದಿ ಮಾಡಿತು.

ಇಂಥ ಕಾನೂನುಗಳನ್ನು ಬದಲಿಸುವ ಮತ ಯಾರ ಕೈಯಲ್ಲಿದೆ ಎಂಬುದು ರಾಜಕೀಯದ ಪ್ರಶ್ನೆ. ಫ್ಲೋರಿಡಾದ ಮತದಾರರು 2018ರಲ್ಲಿ ಶಿಕ್ಷೆ ಮುಗಿಸಿದ ಬಹುತೇಕರಿಗೆ, ಅಪರಾಧದ ಕಾರಣ ಅವರು ಕಳೆದುಕೊಂಡಿದ್ದ ಮತದಾನದ ಹಕ್ಕನ್ನು ಮರಳಿ ಕೊಟ್ಟರು. ಮರುವರ್ಷವೇ ಶಾಸಕಾಂಗವು ದಂಡ ಮತ್ತು ಶುಲ್ಕದ ಬಾಕಿ ತೀರಿಸಿದವರಿಗೆ ಮಾತ್ರ ಆ ಹಕ್ಕು ಎಂಬ ಷರತ್ತನ್ನು ಹಾಕಿತು.

ಒಂದು ಎಚ್ಚರಿಕೆಯೂ ಅಗತ್ಯ: ಒಟ್ಟು ಅಂಕಿ ಒಂದು ಪ್ರಕರಣದ ಪಕ್ಷಪಾತವನ್ನು ತಾನಾಗಿ ಸಾಬೀತುಪಡಿಸುವುದಿಲ್ಲ. 1987ರಲ್ಲಿ, ಮರಣದಂಡನೆಗೆ ಗುರಿಯಾಗಿದ್ದ ಕಪ್ಪು ವ್ಯಕ್ತಿ ಮೆಕ್‌ಕ್ಲೆಸ್ಕಿಯ ಪ್ರಕರಣದಲ್ಲಿ, ಜಾರ್ಜಿಯಾ ರಾಜ್ಯದ ಮರಣದಂಡನೆಗಳಲ್ಲಿ ಕಂಡ ವರ್ಣಭೇದದ ಅಂಕಿಅಂಶಗಳು ಸಾಲವು, ಆ ಆರೋಪಿಯ ವಿರುದ್ಧವೇ ತಾರತಮ್ಯದ ಉದ್ದೇಶವಿತ್ತೆಂದು ತೋರಿಸಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಹೇಳಿತು. ನಾಲ್ವರು ಒಪ್ಪದ ಆ ತೀರ್ಪನ್ನು ನಾನೂ ಒಪ್ಪಲಾರೆ. ಆದರೂ ಹೋಲಿಸುವಾಗ ಒಂದೇ ಆರೋಪ, ಒಂದೇ ಬಗೆಯ ಹಿಂದಿನ ದಾಖಲೆ ಇರುವವರನ್ನೇ ಎದುರುಬದುರು ಇಡಿ. ಆಗಲೂ ಉಳಿಯುವ ಅಂತರಕ್ಕೆ ಕಾರಣ ಕೇಳಿ.