ಔಷಧಿ ಚೀಟಿಯಲ್ಲಿ ಬರೆಯದ ಆರೈಕೆ

ವೃದ್ಧಾಶ್ರಮದಲ್ಲಿ ಶುಶ್ರೂಷಕಿಯಾಗಿ ದುಡಿಯುವವಳು ನಾನು. ಆಧ್ಯಾತ್ಮಿಕ ಆರೈಕೆ ಎಂದರೆ ಎಲ್ಲರನ್ನೂ ಸಭಾಂಗಣದಲ್ಲಿ ಕೂರಿಸಿ ಪ್ರಾರ್ಥನೆ ಹಾಡಿಸುವುದು ಎಂದೇ ಹಲವರ ಎಣಿಕೆ. ಹಾಡಿಸಿ, ಬೇಡವೆನ್ನುವುದಿಲ್ಲ. ಆದರೆ ಕೆಲಸ ಶುರುವಾಗುವುದು ಒಬ್ಬೊಬ್ಬರ ಮಂಚದ ಪಕ್ಕದಲ್ಲಿ.

ಹೊಸಬರು ಬಂದ ವಾರದೊಳಗೆ ಬಿಡುವು ಮಾಡಿಕೊಂಡು ಕುಳಿತುಕೊಳ್ಳಿ. ಟಿ.ವಿ. ಆರಿಸಿ, ಶ್ರವಣ ಸಾಧನ ಕಿವಿಯಲ್ಲಿದೆಯೇ ನೋಡಿ. ಅರ್ಜಿ ತುಂಬುವವರಂತೆ 'ಧರ್ಮ ಯಾವುದು?' ಎನ್ನಬೇಡಿ. 'ಕಷ್ಟ ಬಂದಾಗ ನಿಮ್ಮ ಕೈ ಹಿಡಿದದ್ದು ಯಾವುದು?' ಎಂದು ಕೇಳಿ. ವೈದ್ಯೆ ಕ್ರಿಸ್ಟಿನಾ ಪುಚಾಲ್ಸ್ಕಿ ಮತ್ತು ಸಹೋದ್ಯೋಗಿಗಳು 1996ರಲ್ಲಿ ರೂಪಿಸಿದ 'ಎಫ್‌ಐಸಿಎ' ಪ್ರಶ್ನಾವಳಿ ಇದಕ್ಕೆ ನೆರವಾಗುತ್ತದೆ: ನಂಬಿಕೆ ಏನು, ಬದುಕಿನಲ್ಲಿ ಅದಕ್ಕೆಷ್ಟು ಮಹತ್ವ, ಜೊತೆಗಿರುವ ಸಮುದಾಯ ಯಾವುದು, ಆರೈಕೆಯಲ್ಲಿ ನಾವೇನು ಮಾಡಬೇಕು. ನನಗೆ ಕೊನೆಯದೇ ಮುಖ್ಯ. ಉತ್ತರ ಬಹಳ ಸಲ ಚಿಕ್ಕದಾಗಿರುತ್ತದೆ: ಪ್ರಾರ್ಥನೆಗೆ ಮೊದಲೇ ಸ್ನಾನವಾಗಬೇಕು, ಮಲಗಿದಲ್ಲಿಂದಲೇ ಆ ಪಟ ಕಾಣಬೇಕು. ಕೇಳಿದ್ದನ್ನು ಆರೈಕೆಯ ಕಡತದಲ್ಲಿ ಬರೆಯಿರಿ. ರಾತ್ರಿ ಪಾಳಿಯವರಿಗೂ ಗೊತ್ತಾಗಲಿ.

ದೇವರನ್ನು ನಂಬದವರನ್ನು ಬಿಟ್ಟುಬಿಡಬೇಡಿ. ಅವರಿಗೆ ಸಂಗೀತವೋ ಗಿಡಗಳೋ ಆಸರೆಯಾಗಿರಬಹುದು. ಯಾರಿಗೇ ಆಗಲಿ, ಉಪದೇಶ ಮಾತ್ರ ಬೇಡ.

'ದೇವರು ನನ್ನನ್ನು ಇನ್ನೂ ಯಾಕೆ ಕರೆಸಿಕೊಂಡಿಲ್ಲ?' ಈ ಪ್ರಶ್ನೆ ಬಂದೇ ಬರುತ್ತದೆ. 'ಹಾಗೆಲ್ಲ ಅನ್ನಬಾರದು' ಎಂದು ಬಾಯಿ ಮುಚ್ಚಿಸಿದರೆ ಮತ್ತೆಂದೂ ನಿಮ್ಮ ಮುಂದೆ ಮನಸ್ಸು ಬಿಚ್ಚಲಾರರು. 'ಈಗ ಯಾವುದು ಸಹಿಸಲಾಗುತ್ತಿಲ್ಲ?' ಎಂದು ಕೇಳಿ ಸುಮ್ಮನಿರಿ. ಮಂಡಿನೋವು ಇರಬಹುದು, ಮಕ್ಕಳಿಗೆ ಹೊರೆಯಾದೆನೆಂಬ ಕೊರಗಿರಬಹುದು, ಹಳೆಯ ಜಗಳವಿರಬಹುದು. ಊಟ, ನಿದ್ದೆ ಕೆಟ್ಟಿದ್ದರೆ ಅದು ಖಿನ್ನತೆಯೂ ಆಗಿರಬಹುದು, ವೈದ್ಯರಿಗೆ ತಿಳಿಸಿ. ಜೀವ ಕಳೆದುಕೊಳ್ಳುವ ಮಾತು ಬಂದರೆ ಗುಟ್ಟಾಗಿಡಬೇಡಿ, ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರನ್ನು ಕರೆಸಿ.

ಮರೆವಿನ ಕಾಯಿಲೆಯವರಲ್ಲಿ ಮಕ್ಕಳ ಹೆಸರು ಅಳಿಸಿದರೂ ಚಿಕ್ಕಂದಿನಲ್ಲಿ ಕಲಿತ ಪ್ರಾರ್ಥನೆ ಅನೇಕ ವೇಳೆ ಉಳಿದಿರುತ್ತದೆ. ಮೊದಲ ಸಾಲನ್ನು ನಿಧಾನವಾಗಿ ನೀವೇ ಹೇಳಿ ಕಾಯಿರಿ. ತಪ್ಪಿದರೆ ತಿದ್ದಬೇಡಿ.

ಇನ್ನು ಸಾವು. ಒಬ್ಬರು ತೀರಿಕೊಂಡ ಕೂಡಲೇ ಹೊಸ ಹೊದಿಕೆ ಹಾಸಿ ಏನೂ ಆಗದವರಂತೆ ಓಡಾಡುವ ಪದ್ಧತಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಉಳಿದವರಿಗೆ ಅದು ತಿಳಿಯುವುದಿಲ್ಲವೇ? ಮನೆಯವರನ್ನು ಕೇಳಿ, ಕೋಣೆಯ ಜೊತೆಗಾರರಿಗೆ ಮೊದಲು ಹೇಳಿ. ದೇಹವನ್ನು ಒಯ್ಯುವ ಮುನ್ನ ನೋಡಬೇಕೆನ್ನುವವರನ್ನು ಗಾಲಿಕುರ್ಚಿಯಲ್ಲಾದರೂ ಕರೆತನ್ನಿ, ಬೇಡವೆಂದವರನ್ನು ಒತ್ತಾಯಿಸಬೇಡಿ.