ಅಂಗವಿಕಲ ಮಾಸಾಶನ: ಅರ್ಜಿಗೆ ಮೊದಲು ಕಾಗದ ಹೊಂದಿಸಿಕೊಳ್ಳಿ

ಪಾರ್ಶ್ವವಾಯು ಬಡಿದು ಒಂದು ಕೈ ಬಿದ್ದುಹೋದವರು, ಫ್ಲೋರೈಡ್ ನೀರು ಕುಡಿದು ಮೂಳೆ ಬಿಗಿದು ನಡೆಯಲಾರದವರು ಕೋಲಾರದ ಹಳ್ಳಿಗಳಲ್ಲಿದ್ದಾರೆ. ದುಡಿಯುವ ಶಕ್ತಿ ಇಲ್ಲದ ಇಂಥವರಿಗೆ ಕಂದಾಯ ಇಲಾಖೆಯ ಮಾಸಾಶನವಿದೆ. ಅಂಗವೈಕಲ್ಯ ಶೇ 40ರಿಂದ 75ರವರೆಗೆ ಇದ್ದರೆ ತಿಂಗಳಿಗೆ 800 ರೂಪಾಯಿ, ಅದಕ್ಕಿಂತ ಹೆಚ್ಚಿದ್ದರೆ 1,400.

ಮೊದಲು ಆಗಬೇಕಾದದ್ದು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯು ಇರುತ್ತಾರೆ. ಆಧಾರ್, ಫೋಟೊ ಹಿಡಿದು ಅವರನ್ನು ಕಂಡರೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ನೆರವಾಗುತ್ತಾರೆ. ನಂತರ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ. ಬರಿಗೈಲಿ ಹೋಗಬೇಡಿ. ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ ಎಲ್ಲವೂ ಜೊತೆಗಿರಲಿ. ಸ್ನಾನ, ಊಟ, ಶೌಚಕ್ಕೆ ನೆರವಾಗುವವರೇ ಜೊತೆಗೆ ಬರಲಿ. ಸಂಕೋಚದಿಂದ ರೋಗಿ ನುಂಗಿಕೊಳ್ಳುವ ಮಾತನ್ನು ವೈದ್ಯರಿಗೆ ಅವರು ಹೇಳಬಲ್ಲರು. ಕಾಯಿಲೆ ಇನ್ನೂ ಸುಧಾರಿಸಬಹುದು ಎನಿಸಿದರೆ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಅದರ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಎರಡು ಮೂರು ತಿಂಗಳು ಮೊದಲೇ ನವೀಕರಣಕ್ಕೆ ಓಡಾಡಿ. ಬಿಳಿ ಬಣ್ಣದ ಯುಡಿಐಡಿ ಕಾರ್ಡ್ ಬಂದರೆ ಶೇ 40ಕ್ಕಿಂತ ಕಡಿಮೆ ಎಂದರ್ಥ, ಅದಕ್ಕೆ ಮಾಸಾಶನ ಇಲ್ಲ.

ಈ ಕಾರ್ಡ್ ಸಿಗುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿರುವ 21 ಬಗೆಯ ಅಂಗವೈಕಲ್ಯಗಳಿಗೆ. ಪಾರ್ಕಿನ್ಸನ್, ತಲಸ್ಸೇಮಿಯಾ, ಹಿಮೋಫಿಲಿಯಾ ಅದರಲ್ಲಿವೆ. ಮೂತ್ರಪಿಂಡ ವೈಫಲ್ಯ, ಹೃದ್ರೋಗ, ಗಣಿ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಇಲ್ಲ. ಮೆಟ್ಟಿಲು ಹತ್ತಲಾಗದ ಸಿಲಿಕೋಸಿಸ್ ರೋಗಿಯನ್ನೂ ಹೊರಗಿಡುವ ಈ ಪಟ್ಟಿ ಬದಲಾಗಲೇಬೇಕು. ಅಲ್ಲಿಯವರೆಗೆ 65 ದಾಟಿದವರು ವೃದ್ಧರ ಮಾಸಾಶನವಾದ ಸಂಧ್ಯಾ ಸುರಕ್ಷಾಕ್ಕೆ ಅರ್ಜಿ ಕೊಡಬಹುದು, ತಿಂಗಳಿಗೆ 1,200. ಕ್ಷಯ ರೋಗಿಗಳಿಗೆ ಚಿಕಿತ್ಸೆ ನಡೆಯುವಷ್ಟು ಕಾಲ ನಿಕ್ಷಯ್ ಪೋಷಣ್‌ನಿಂದ ತಿಂಗಳಿಗೆ 1,000 ಸಿಗುತ್ತದೆ.

ಕಾರ್ಡ್ ಕೈಗೆ ಬಂದ ಮೇಲೆ ಹೋಬಳಿಯ ನಾಡಕಚೇರಿಗೆ ಹೋಗಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಆದಾಯ ಪ್ರಮಾಣಪತ್ರ ಬೇಕು. ವಾರ್ಷಿಕ ಆದಾಯದ ಮಿತಿ 32,000 ರೂಪಾಯಿ, ದಿನಕ್ಕೆ 88 ರೂಪಾಯಿಯೂ ಆಗುವುದಿಲ್ಲ. ಹಾಗಾಗಿ ಮಾಸಾಶನದ ಅರ್ಜಿಗೆ ಮುಂಚೆಯೇ ಆದಾಯ ಪತ್ರ ಮಾಡಿಸಿ, ಅದರಲ್ಲಿ ಏನು ಬರೆದಿದ್ದಾರೆಂದು ಓದಿಕೊಳ್ಳಿ. ಮುಳಬಾಗಿಲು, ಶ್ರೀನಿವಾಸಪುರದ ಗಡಿ ಹಳ್ಳಿಗಳವರ ಆಧಾರ್‌ನಲ್ಲಿ ಆಂಧ್ರದ ವಿಳಾಸ ಉಳಿದಿದ್ದರೆ ಮೊದಲು ಅದನ್ನು ಸರಿಪಡಿಸಿ. ಇನಿಷಿಯಲ್ ಒಂದು ಕಾಗದದಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ಅರ್ಜಿ ತಡೆಯಬಹುದು. ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದು ಪರಿಶೀಲಿಸುವ ದಿನ ಮನೆಯವರೊಬ್ಬರು ಇರಲಿ. ಅರ್ಜಿ ಸಂಖ್ಯೆ ಇರುವ ಸ್ವೀಕೃತಿ ಚೀಟಿ ಕಳೆಯಬೇಡಿ.

ಮಂಜೂರಾತಿ ಆದೇಶ ಬಂದರೂ ದುಡ್ಡು ಬಾರದಿದ್ದರೆ ಬ್ಯಾಂಕಿನಲ್ಲಿ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಯಾವ ಖಾತೆಗೆ ಬೀಳಬೇಕೆಂಬ ಆಧಾರ್ ಜೋಡಣೆ ಆಗಿದೆಯೇ ಎಂದು ಕೇಳಿ. ಗೃಹಲಕ್ಷ್ಮಿ ಹಣಕ್ಕೆ ಅಲೆದವರಿಗೆ ಇದು ಗೊತ್ತು: ಖಾತೆಗೆ ಆಧಾರ್ ಕೊಟ್ಟ ಮಾತ್ರಕ್ಕೆ ಸಾಲದು. ಮ್ಯಾಪಿಂಗ್ ಇರುವ ಒಂದೇ ಖಾತೆಗೆ ಹಣ ಬೀಳುತ್ತದೆ, ಅದು ನೀವು ಮರೆತುಬಿಟ್ಟ ಹಳೆಯ ಖಾತೆಯೂ ಆಗಿರಬಹುದು. ಅಲ್ಲಿಯ ಪಾಸ್‌ಬುಕ್‌ಗೂ ಎಂಟ್ರಿ ಹಾಕಿಸಿ ನೋಡಿ.